ಪಾಸ್‌ವರ್ಡ್: ಬೀಗದ ಕೈಯೋ, ಸಹಿಯೋ?

ಜೂನ್ ತಿಂಗಳು. ಹೊರಗೆ ಮಳೆ ಹಿಡಿದಿದೆ. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರರಲ್ಲಿ ಯಾವ ಊರಿನ ಪೇಟೆಗೆ ಹೋದರೂ ಸೈಬರ್ ಸೆಂಟರಿನ ಬಾಗಿಲಲ್ಲಿ ಕೊಡೆ ಮಡಚಿ ನಿಂತ ವಿದ್ಯಾರ್ಥಿಗಳು ಕಾಣುತ್ತಾರೆ. ಒಬ್ಬರಿಗೆ ಪದವಿ ಪ್ರವೇಶದ ಯುಯುಸಿಎಂಎಸ್ ಅರ್ಜಿ, ಇನ್ನೊಬ್ಬರಿಗೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ, ಮತ್ತೊಬ್ಬರಿಗೆ ಸಿಇಟಿಯ ಆಪ್ಷನ್ ಎಂಟ್ರಿ. ಅಂಗಡಿಯವರು ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಾರೆ: "ಪಾಸ್‌ವರ್ಡ್ ಎಂತ ಇಡೂದು?" ಹುಡುಗನ ಉತ್ತರ ಸಿದ್ಧವಾಗಿಯೇ ಇರುತ್ತದೆ: "ನೀವೇ ಎಂತಾದ್ರೂ ಹಾಕಿ ಅಣ್ಣಾ." ಅವರು ಹುಡುಗನ ಹೆಸರಿನ ಮುಂದೆ ಒಂದು ಚಿಹ್ನೆ, ಅದರ ಮುಂದೆ ಒಂದು, ಎರಡು, ಮೂರು ಎಂದು ಒತ್ತುತ್ತಾರೆ. ಮರೆತುಹೋಗದಿರಲಿ ಎಂದು ಮೇಜಿನ ಮೇಲಿನ ಉದ್ದನೆಯ ನೋಟುಪುಸ್ತಕದಲ್ಲಿ ಅದನ್ನು ಬರೆದುಕೊಳ್ಳುತ್ತಾರೆ. ಆ ಪುಟದಲ್ಲಿ ಅದಾಗಲೇ ಮೂವತ್ತು ನಲವತ್ತು ಹೆಸರುಗಳಿರುತ್ತವೆ.

ಅಂಗಡಿಯವರ ಉದ್ದೇಶ ಒಳ್ಳೆಯದೇ. ವಿದ್ಯಾರ್ಥಿ ಮುಂದಿನ ತಿಂಗಳು ಬಂದು "ಪಾಸ್‌ವರ್ಡ್ ಮರೆತು ಹೋಯ್ತು" ಎಂದಾಗ ಆ ಪುಸ್ತಕವೇ ಆಪದ್ಬಾಂಧವ. ಹಾಗಾದರೆ ಇದರಲ್ಲಿ ತಪ್ಪೇನು? ಬೇರೊಬ್ಬರ ಕೈಯಲ್ಲಿ ಒಂದು ಕೆಲಸ ಮಾಡಿಸಿಕೊಂಡೆವು, ಅಷ್ಟೇ ತಾನೆ? ನಾವು ಕೊಟ್ಟದ್ದು ಒಂದು ಕೆಲಸವನ್ನಷ್ಟೇ ಅಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಮ್ಮ ಕರಾವಳಿಯಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ಕಾರಣಗಳು ಇಲ್ಲದಿಲ್ಲ. ಭಟ್ಕಳದ ಎಷ್ಟೋ ಮನೆಗಳಲ್ಲಿ ದುಡಿಯುವವರು ದುಬೈಯಲ್ಲೋ ಸೌದಿಯಲ್ಲೋ ಇದ್ದಾರೆ. ಶಾಲೆಯ ಫೀಸು, ಕರೆಂಟು ಬಿಲ್ಲು, ಅಜ್ಜಿಯ ಔಷಧ ಎಲ್ಲವೂ ಇಲ್ಲಿಂದ ಆಗಬೇಕು. ಖಾತೆ ಅಪ್ಪನ ಹೆಸರಿನಲ್ಲಿದೆ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಅಮ್ಮನಿಗೆ ಗೊತ್ತು, ಒತ್ತುವವನು ಪಿಯುಸಿ ಓದುತ್ತಿರುವ ಮಗ. ಇದನ್ನು ಅವಿವೇಕ ಎಂದು ಬೈದುಬಿಡುವುದು ಸುಲಭ. ನನಗೆ ಹಾಗೆನ್ನಿಸುವುದಿಲ್ಲ. ಕೆಲಸ ಆಗಲೇಬೇಕಿದ್ದಾಗ ಜನ ತಿಳಿದ ದಾರಿಯನ್ನು ಹಿಡಿಯುತ್ತಾರೆ. ಬೇರೆ ದಾರಿ ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ಇಪ್ಪತ್ತೈದು ಸಾವಿರದ ಪಾಠ

ಬೆಂಗಳೂರಿನಲ್ಲಿ ನಡೆದ ಒಂದು ಪ್ರಕರಣವನ್ನು ಮೊದಲು ಕೇಳಿ. 2013ರ ನವೆಂಬರ್. ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ತಮ್ಮ ಎಟಿಎಂ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಗಂಡ ಯಂತ್ರದಲ್ಲಿ ಕಾರ್ಡು ಹಾಕಿದರು, ಪಿನ್ ಒತ್ತಿದರು. ಹಣ ತೆಗೆಯಲಾಗಿದೆ ಎಂಬ ಚೀಟಿ ಬಂತು, ಹಣ ಬರಲಿಲ್ಲ. ಇಂಥದ್ದು ಆಗಾಗ ಆಗುತ್ತದೆ. ಸಾಮಾನ್ಯವಾಗಿ ಹಣ ಖಾತೆಗೆ ಮರಳುತ್ತದೆ. ಇಲ್ಲಿ ಮರಳಲಿಲ್ಲ. ದೂರು ಕೊಟ್ಟಾಗ ಬ್ಯಾಂಕು, ಪಿನ್ ಅನ್ನು ಖಾತೆದಾರರಲ್ಲದವರಿಗೆ ಕೊಟ್ಟಿದ್ದೀರಿ, ಕಾರ್ಡು ವರ್ಗಾಯಿಸುವಂಥದ್ದಲ್ಲ ಎಂದು ಹೇಳಿತು. ವಿಷಯ ಗ್ರಾಹಕರ ನ್ಯಾಯವೇದಿಕೆಗೆ ಹೋಯಿತು. ಹಣ ಬಾರದಿದ್ದುದನ್ನು ತೋರಿಸುವ ಕ್ಯಾಮೆರಾ ದೃಶ್ಯವನ್ನೂ ದಂಪತಿ ಮುಂದಿಟ್ಟರು. ಆದರೂ 2018ರ ಮೇ ತಿಂಗಳಲ್ಲಿ ತೀರ್ಪು ಬ್ಯಾಂಕಿನ ಪರವಾಗಿ ಬಂತು. ಮನೆಯಿಂದ ಹೊರಡಲಾಗದಿದ್ದರೆ ಸೆಲ್ಫ್ ಚೆಕ್ ಬರೆದುಕೊಡಬಹುದಿತ್ತು ಅಥವಾ ಗಂಡನಿಗೆ ಅಧಿಕಾರಪತ್ರ ಕೊಟ್ಟು ಕಳಿಸಬಹುದಿತ್ತು ಎಂದು ನ್ಯಾಯವೇದಿಕೆ ಹೇಳಿತು.

ಕೇಳಿದಾಗ ಕಟುವಾಗಿ ತೋರುತ್ತದೆ. ಗಂಡ ಹೆಂಡಿರ ನಡುವೆ ಇದೆಂಥ ಲೆಕ್ಕ ಎಂದು ಅನ್ನಿಸುವುದು ಸಹಜ. ಆದರೆ ತೀರ್ಪಿನ ಕೊನೆಯ ಮಾತನ್ನು ಮತ್ತೊಮ್ಮೆ ಓದಿ. ಗಂಡನಿಂದ ಹಣ ತರಿಸಬಾರದೆಂದು ಅಲ್ಲಿ ಯಾರೂ ಹೇಳಲಿಲ್ಲ. ಚೆಕ್ಕು ಕೊಟ್ಟಿದ್ದರೆ ಅದರ ಮೇಲೆ ಮೊತ್ತ ಇರುತ್ತಿತ್ತು, ದಿನಾಂಕ ಇರುತ್ತಿತ್ತು, ಹೆಂಡತಿಯ ಸಹಿ ಇರುತ್ತಿತ್ತು, ಹಣ ಪಡೆದವರು ಯಾರೆಂಬುದಕ್ಕೆ ಬ್ಯಾಂಕಿನಲ್ಲಿ ದಾಖಲೆ ಇರುತ್ತಿತ್ತು. ಪಿನ್ ಕೊಟ್ಟಾಗ ಇದೊಂದೂ ಇಲ್ಲ. ಯಂತ್ರದ ಲೆಕ್ಕದಲ್ಲಿ ಅಲ್ಲಿ ನಿಂತಿದ್ದವರು ಹೆಂಡತಿಯೇ.

ಯಂತ್ರಕ್ಕೆ ಮುಖ ಗೊತ್ತಿಲ್ಲ

ಪಾಸ್‌ವರ್ಡನ್ನು ನಾವು ಸಾಮಾನ್ಯವಾಗಿ ಬೀಗದ ಕೈಗೆ ಹೋಲಿಸುತ್ತೇವೆ. ಹೋಲಿಕೆ ಅರ್ಧ ಮಾತ್ರ ಸರಿ. ಪರವೂರಿಗೆ ಹೋಗುವಾಗ ಪಕ್ಕದ ಮನೆಯವರ ಹತ್ತಿರ ಬೀಗದ ಕೈ ಕೊಟ್ಟು ಹೋಗುತ್ತೀರಿ. ಅವರು ಬಂದು ಬಾಗಿಲು ತೆಗೆದು ತುಳಸಿಗೆ ನೀರು ಹಾಕಿದರೆ, ನೋಡಿದವರೆಲ್ಲ "ಪಕ್ಕದ ಮನೆಯವರು ಬಂದಿದ್ದಾರೆ" ಎನ್ನುತ್ತಾರೆ. ನೀವೇ ಬಂದಿದ್ದೀರಿ ಎನ್ನುವುದಿಲ್ಲ. ಕಂಪ್ಯೂಟರ್ ಹಾಗಲ್ಲ. ಅದಕ್ಕೆ ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ. ಬಳಕೆದಾರರ ಹೆಸರು "ನಾನು ಇಂಥವನು" ಎಂದು ಹೇಳುತ್ತದೆ, ಪಾಸ್‌ವರ್ಡ್ "ಹೌದು, ನಾನೇ" ಎಂದು ರುಜುವಾತು ಮಾಡುತ್ತದೆ. ಎರಡೂ ಹೊಂದಿದ ಮೇಲೆ ಒಳಗೆ ನಡೆಯುವ ಎಲ್ಲವೂ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಆದ್ದರಿಂದ ಪಾಸ್‌ವರ್ಡ್ ಬೀಗದ ಕೈಗಿಂತ ಸಹಿಗೆ ಹತ್ತಿರ. ಅದನ್ನು ಕೊಡುವುದು ಖಾಲಿ ಕಾಗದದ ಮೇಲೆ ಸಹಿ ಹಾಕಿ ಕೊಟ್ಟಂತೆ. ಮೇಲೆ ಏನು ಬರೆಯುತ್ತಾರೆ ಎಂಬುದು ಬರೆಯುವವರಿಗೆ ಬಿಟ್ಟದ್ದು.

ಈ ಏರ್ಪಾಡು ಬಂದದ್ದು ಹೇಗೆ ಎಂಬ ಕಥೆ ಸ್ವಾರಸ್ಯವಾಗಿದೆ. 1960ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿ 1961ರಲ್ಲಿ ತೋರಿಸಿದರು. ಹಲವರು ಬಳಸುತ್ತಾರೆಂದ ಮೇಲೆ ಒಬ್ಬರ ಕಡತ ಇನ್ನೊಬ್ಬರಿಗೆ ಸಿಗಬಾರದು, ಪ್ರತಿಯೊಬ್ಬರೂ ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕವೂ ಬೇಕು. ಅದಕ್ಕಾಗಿ ತಲೆಗೊಂದು ಪಾಸ್‌ವರ್ಡ್ ಕೊಟ್ಟರು.

ಒಂದು ವರ್ಷವೂ ಸರಿಯಾಗಿ ಕಳೆಯಲಿಲ್ಲ. 1962ರಲ್ಲಿ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಆಲನ್ ಶೆರ್ ಎಂಬ ವಿದ್ಯಾರ್ಥಿಗೆ ತನ್ನ ಪಾಲಿಗೆ ಬಂದ ಸಮಯ ಸಾಲುತ್ತಿರಲಿಲ್ಲ. ರಂಧ್ರ ಹೊಡೆದ ಕಾರ್ಡಿನ ಮೂಲಕ ಯಾವುದೇ ಕಡತವನ್ನು ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕೋರಿಕೆ ಸಲ್ಲಿಸಬಹುದೆಂದು ಆತನಿಗೆ ಗೊತ್ತಾಯಿತು. ಶುಕ್ರವಾರ ರಾತ್ರಿ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಕೇಳಿದ. ಶನಿವಾರ ಬೆಳಿಗ್ಗೆ ಹೋಗಿ ಮುದ್ರಿತ ಹಾಳೆ ಎತ್ತಿಕೊಂಡು ಬಂದ! ತಪ್ಪು ತನ್ನೊಬ್ಬನ ಮೇಲೆ ಬೀಳದಿರಲಿ ಎಂದು ಒಂದಿಬ್ಬರಿಗೆ ಹಂಚಿಯೂ ಬಿಟ್ಟ. ಇದನ್ನೆಲ್ಲ ಎಷ್ಟೋ ವರ್ಷಗಳ ಬಳಿಕ ಶೆರ್ ಅವರೇ ಹೇಳಿಕೊಂಡಿದ್ದಾರೆ. 1966ರಲ್ಲಿ ಇನ್ನೂ ತಮಾಷೆಯ ಘಟನೆ ನಡೆಯಿತು. ತಿದ್ದುವ ತಂತ್ರಾಂಶದ ದೋಷದಿಂದ ಎರಡು ಕಡತಗಳು ಅದಲುಬದಲಾಗಿ, ಒಳಗೆ ಬಂದ ಪ್ರತಿಯೊಬ್ಬರಿಗೂ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿ ಕಾಣಿಸಿತು. ಸೈಬರ್ ಸೆಂಟರಿನ ನೋಟುಪುಸ್ತಕದ ಪೂರ್ವಜ ಇದೇ ನೋಡಿ: ಎಲ್ಲರ ಗುಟ್ಟೂ ಒಂದೇ ಕಡೆ, ಓದಬಲ್ಲ ರೂಪದಲ್ಲಿ.

ಹಿಟ್ಟು ಮತ್ತು ಉಪ್ಪು

ಹಾಗಾದರೆ ಗುಟ್ಟನ್ನು ಬರೆದಿಡದೆ, ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಹೇಗೆ? ಈ ಪ್ರಶ್ನೆಗೆ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ರೋಜರ್ ನೀಡಮ್ ಒಂದು ಜಾಣ ಉತ್ತರ ಕೊಟ್ಟರು. ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಕಾಳು ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟನ್ನು ಹಿಂದಕ್ಕೆ ತಿರುಗಿಸಿದರೆ ಕಾಳು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಇಂಥದೇ ಒಂದು ಏಕಮುಖ ಗಣಿತ ಕ್ರಿಯೆ ಇದೆ, ಹ್ಯಾಶ್ ಎನ್ನುತ್ತಾರೆ. ನೀವು ಮೊದಲ ಸಲ ಪಾಸ್‌ವರ್ಡ್ ಕೊಟ್ಟಾಗ ಯಂತ್ರ ಅದನ್ನು ಬೀಸಿ ಹಿಟ್ಟನ್ನಷ್ಟೇ ಇಟ್ಟುಕೊಳ್ಳುತ್ತದೆ. ಮರುದಿನ ನೀವು ಬಂದಾಗ ಕೊಟ್ಟದ್ದನ್ನು ಮತ್ತೆ ಬೀಸಿ, ಎರಡು ಹಿಟ್ಟೂ ಒಂದೇ ಆದರೆ ಒಳಗೆ ಬಿಡುತ್ತದೆ. ಕಾಳು ಅದರ ಬಳಿ ಇರುವುದೇ ಇಲ್ಲ.

ಇದರಲ್ಲೂ ಒಂದು ತೊಡಕಿತ್ತು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೆ ಇಬ್ಬರ ಹಿಟ್ಟೂ ಒಂದೇ. ಕಳ್ಳನು ಸಾಮಾನ್ಯ ಪದಗಳನ್ನೆಲ್ಲ ಮೊದಲೇ ಬೀಸಿಟ್ಟುಕೊಂಡರೆ ಹೋಲಿಸಿ ನೋಡುವುದಷ್ಟೇ ಕೆಲಸ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಮದ್ದು ಹೇಳಿದರು: ಬೀಸುವ ಮೊದಲು ಪ್ರತಿಯೊಬ್ಬರ ಕಾಳಿಗೂ ಬೇರೆ ಬೇರೆ ಯಾದೃಚ್ಛಿಕ ಅಂಕೆಗಳ ಚಿಟಿಕೆ ಬೆರೆಸುವುದು. ಅದಕ್ಕೆ ಅವರಿಟ್ಟ ಹೆಸರು ಉಪ್ಪು. ನಮ್ಮ ಸಾಣಿಕಟ್ಟೆಯ ಉಪ್ಪಲ್ಲ, ಆದರೆ ಕೆಲಸ ಕೆಡದಂತೆ ಕಾಯುವುದೇ.

ಇದನ್ನು ತಿಳಿದುಕೊಂಡರೆ ನಿಮಗೊಂದು ಉಪಯೋಗವಿದೆ. "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದಾಗ ಒಳ್ಳೆಯ ತಾಣವು ಹಳೆಯ ಪಾಸ್‌ವರ್ಡನ್ನು ಹೇಳುವುದಿಲ್ಲ, ಹೊಸದನ್ನು ಮಾಡಿಕೊಳ್ಳಲು ಕೊಂಡಿ ಕಳಿಸುತ್ತದೆ. ಹಳೆಯದು ಅದಕ್ಕೇ ಗೊತ್ತಿಲ್ಲವಲ್ಲ! ಯಾವುದಾದರೂ ತಾಣ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇದ್ದ ಹಾಗೆ ಈಮೇಲಿನಲ್ಲಿ ಕಳಿಸಿದರೆ, ಅದು ಕಾಳನ್ನೇ ಡಬ್ಬದಲ್ಲಿಟ್ಟಿದೆ ಎಂದು ತಿಳಿಯಿರಿ. ಹಾಗೆಯೇ ಬ್ಯಾಂಕಿನವರು ಎಂದು ಹೇಳಿಕೊಂಡು ಫೋನಿನಲ್ಲಿ ನಿಮ್ಮ ಪಾಸ್‌ವರ್ಡ್ ಕೇಳುವವರಿಗೆ ಅದರ ಅಗತ್ಯವೇ ಇಲ್ಲ. ನಿಜವಾದ ಬ್ಯಾಂಕಿನ ಯಂತ್ರವೇ ಅದನ್ನು ಓದುವ ರೂಪದಲ್ಲಿ ಇಟ್ಟುಕೊಳ್ಳಬಾರದು.

ಕಾಳನ್ನೇ ಇಟ್ಟವರ ಗತಿ ಏನಾಯಿತೆಂಬುದಕ್ಕೆ 2009ರ ರಾಕ್‌ಯೂ ಪ್ರಕರಣ ಸಾಕ್ಷಿ. ಆ ಅಮೆರಿಕನ್ ಕಂಪನಿಯಿಂದ 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳು ಇದ್ದ ರೂಪದಲ್ಲೇ ಸೋರಿಹೋದವು. ಅವುಗಳಲ್ಲಿ ಅತ್ಯಂತ ಹೆಚ್ಚು ಜನ ಇಟ್ಟುಕೊಂಡಿದ್ದುದು ಒಂದರಿಂದ ಆರರವರೆಗಿನ ಅಂಕೆಗಳು. ಆ ಪಟ್ಟಿ ಇಂದಿಗೂ ಕಳ್ಳರ ಕೈಯಲ್ಲಿ ಕೈಪಿಡಿಯಂತಿದೆ. ಯಾವುದೇ ಹೊಸ ಖಾತೆ ಮುರಿಯಲು ಅದರಿಂದಲೇ ಆರಂಭ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಅದೇ ವ್ಯಕ್ತಿಯ ಈಮೇಲ್, ಬ್ಯಾಂಕು, ಇನ್‌ಸ್ಟಾಗ್ರಾಮ್ ಎಲ್ಲಕ್ಕೂ ಹಾಕಿ ನೋಡುವುದು ಇನ್ನೊಂದು ವಿಧಾನ. ಎಲ್ಲ ಖಾತೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟವರು ತಮಗೆ ಗೊತ್ತಿಲ್ಲದೆಯೇ ಅದನ್ನು ಹಂಚಿಕೊಂಡಂತೆ. ಇದರಲ್ಲಿ ಈಮೇಲ್ ಪಾಸ್‌ವರ್ಡ್ ಎಲ್ಲಕ್ಕಿಂತ ಮುಖ್ಯ. ಬೇರೆಲ್ಲ ಖಾತೆಗಳ ಹೊಸ ಪಾಸ್‌ವರ್ಡಿನ ಕೊಂಡಿ ಬರುವುದು ಅಲ್ಲಿಗೇ. ಅದು ಹೆಬ್ಬಾಗಿಲು, ಅದನ್ನು ದಾಟಿದವರಿಗೆ ನಡುಮನೆಯ ಪೆಟ್ಟಿಗೆ ದೂರವಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ

ಗಟ್ಟಿ ಪಾಸ್‌ವರ್ಡ್ ಎಂದರೆ ಏನು? ದೊಡ್ಡಕ್ಷರ, ಸಣ್ಣಕ್ಷರ, ಅಂಕೆ, ಚಿಹ್ನೆ ಎಲ್ಲ ಇರಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಎಂದು ಕೇಳಿರುತ್ತೀರಿ. ಈ ಉಪದೇಶ ಹರಡಿದ್ದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2004ರಲ್ಲಿ ಹೊರಡಿಸಿದ ದಾಖಲೆಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಆಗ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಈಗ ಪಶ್ಚಾತ್ತಾಪವಾಗುತ್ತಿದೆ ಎಂದರು. ಅದೇ ವರ್ಷ ನಿಸ್ಟ್ ತನ್ನ ಸಲಹೆಯನ್ನು ತಿದ್ದಿತು: ಉದ್ದ ಮುಖ್ಯ, ಸೋರಿದ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು. ಪದೇ ಪದೇ ಬದಲಿಸಲು ಒತ್ತಾಯಿಸಿದರೆ ಜನ ಮಾಡುವುದು ಕೊನೆಯ ಒಂದನ್ನು ಎರಡು ಮಾಡುವುದಷ್ಟೇ.

ಉದ್ದ ಏಕೆ ಮುಖ್ಯ? ಇಂಗ್ಲಿಷಿನ 26 ಸಣ್ಣಕ್ಷರಗಳಲ್ಲಿ ಎಂಟನ್ನು ಜೋಡಿಸುವ ಬಗೆಗಳು ಸುಮಾರು 20,883 ಕೋಟಿ. ದೊಡ್ಡ ಸಂಖ್ಯೆ ಎನ್ನಿಸುತ್ತದೆ. ಆದರೆ ಸೋರಿದ ಹಿಟ್ಟನ್ನು ಮುಂದಿಟ್ಟುಕೊಂಡು ಸೆಕೆಂಡಿಗೆ 100 ಕೋಟಿ ಊಹೆಗಳನ್ನು ಬೀಸಿ ನೋಡುವ ಯಂತ್ರಕ್ಕೆ ಇದು ಮೂರೂವರೆ ನಿಮಿಷದ ಕೆಲಸ. ಬದಲಿಗೆ 2,000 ಸಾಮಾನ್ಯ ಪದಗಳ ಪಟ್ಟಿಯಿಂದ ಯಾದೃಚ್ಛಿಕವಾಗಿ ನಾಲ್ಕು ಪದ ಆರಿಸಿದರೆ 16 ಲಕ್ಷ ಕೋಟಿ ಬಗೆಗಳು. ಅದೇ ಯಂತ್ರಕ್ಕೆ ನಾಲ್ಕೂವರೆ ತಾಸು. ಐದು ಪದವಾದರೆ ಒಂದು ವರ್ಷ. ಆರು ಪದವಾದರೆ ಎರಡು ಸಾವಿರ ವರ್ಷ! ನೆನಪಿಡಬೇಕಾದದ್ದು ಒಂದೇ ಪದ ಹೆಚ್ಚು, ಕಳ್ಳನ ಪಾಡು ಎರಡು ಸಾವಿರ ಪಟ್ಟು ಹೆಚ್ಚು.

ಯಾದೃಚ್ಛಿಕ ಎಂಬ ಮಾತನ್ನು ಮಾತ್ರ ಬಿಡಬೇಡಿ. ಮನಸ್ಸಿಗೆ ಬಂದದ್ದು ಯಾದೃಚ್ಛಿಕವಲ್ಲ. ಮನಸ್ಸಿಗೆ ಬರುವುದು ಊರಿನ ಹೆಸರು, ಮನೆದೇವರ ಹೆಸರು, ಹುಟ್ಟಿದ ವರ್ಷ. ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 1995ರಲ್ಲಿ ದಾಳ ಉರುಳಿಸಿ ಪದ ಆರಿಸುವ ವಿಧಾನವನ್ನು ಹೇಳಿದರು. ಐದು ದಾಳಗಳಿಗೆ 7,776 ಫಲಗಳು, ಅಷ್ಟೇ ಪದಗಳ ಪಟ್ಟಿ. ನೀವು ನಿಘಂಟಿನಲ್ಲಿ ಪುಟಸಂಖ್ಯೆಯನ್ನು ಚೀಟಿ ಎತ್ತಿ ಆರಿಸಬಹುದು. "ತಕ್ಕಡಿ ಇರುವೆ ಹಳದಿ ಗುಡುಗು ಚಮಚ" ಎಂಬಂತೆ ಅರ್ಥವಿಲ್ಲದ ಒಂದು ಸಾಲು ಬಂದರೆ, ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಒಂದು ಚಿತ್ರ ಕಲ್ಪಿಸಿಕೊಂಡರೆ ಮರೆಯುವುದಿಲ್ಲ. ಇಲ್ಲಿ ಅಚ್ಚಾದ ಸಾಲನ್ನೇ ಇಟ್ಟುಕೊಳ್ಳಬೇಡಿ, ಅದು ಈಗ ಗುಟ್ಟಲ್ಲ.

ಇಷ್ಟೊಂದು ಖಾತೆಗಳಿಗೆ ಬೇರೆ ಬೇರೆ ಸಾಲುಗಳನ್ನು ನೆನಪಿಡುವುದು ಹೇಗೆ ಎಂದು ಕೇಳುವಿರಿ. ಕೆಲವನ್ನು ಮಾತ್ರ ನೆನಪಿಟ್ಟು ಉಳಿದದ್ದನ್ನು ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಕ್ಕೆ ಬಿಡಬಹುದು. ಅದು ಒಗ್ಗದಿದ್ದರೆ ಕಾಗದದ ಮೇಲೆ ಬರೆದು ಮನೆಯ ಕಪಾಟಿನಲ್ಲಿ ಇಡಿ. ಬರೆಯಲೇಬಾರದು ಎಂಬ ಹಳೆಯ ಕಟ್ಟಳೆಯನ್ನು ನಾನು ಒಪ್ಪುವುದಿಲ್ಲ. ದೂರದ ದೇಶದಲ್ಲಿ ಕುಳಿತ ಕಳ್ಳನಿಗೆ ನಿಮ್ಮ ಕಪಾಟು ಕಾಣುವುದಿಲ್ಲ. ಪಾಸ್‌ವರ್ಡಿನ ಜನಕರೆಂದೇ ಹೆಸರಾದ ಕೊರ್ಬಾಟೊ ಕೂಡ ತಮ್ಮ ಪಾಸ್‌ವರ್ಡ್‌ಗಳನ್ನು ಹಾಳೆಗಳಲ್ಲಿ ಬರೆದಿಟ್ಟುಕೊಂಡಿರುವುದಾಗಿ 2014ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಶಾಯಿ ಹರಡುತ್ತದೆ; ಪೆನ್ಸಿಲಿನಲ್ಲಿ ಬರೆಯಿರಿ. ನಿಮ್ಮ ಕಪಾಟಿನ ಪುಸ್ತಕಕ್ಕೂ ಸೈಬರ್ ಸೆಂಟರಿನ ಪುಸ್ತಕಕ್ಕೂ ಇರುವ ವ್ಯತ್ಯಾಸ ಕಪಾಟಿನದು.

ಸೀಟಿನ ಪ್ರಶ್ನೆ

ಆ ಪುಸ್ತಕದಿಂದ ನಿಜಕ್ಕೂ ಏನಾಗಬಹುದು ಎಂದು ಸಂಶಯಪಡುವವರು 2024ರ ಎಂಜಿನಿಯರಿಂಗ್ ಸೀಟು ತಡೆ ಪ್ರಕರಣವನ್ನು ನೆನಪಿಸಿಕೊಳ್ಳಲಿ. ಸಿಇಟಿ ಬರೆದ ಕೆಲವು ಅಭ್ಯರ್ಥಿಗಳ ಹೆಸರಿನಲ್ಲಿ ಆಪ್ಷನ್ ಎಂಟ್ರಿ ಆಗಿತ್ತು, ಸೀಟು ಹಂಚಿಕೆಯೂ ಆಗಿತ್ತು, ಆದರೆ ಅಭ್ಯರ್ಥಿಗಳು ಸೇರಲೇ ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರಿಶೀಲಿಸಿದಾಗ ಹಲವರ ನಮೂದುಗಳು ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಅಂತರಜಾಲ ಸಂಪರ್ಕದಿಂದ, ಬಂದಿದ್ದವು. ನವೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಠಾಣೆಯಲ್ಲಿ ದೂರು ದಾಖಲಾಯಿತು, ಡಿಸೆಂಬರಿನಲ್ಲಿ ಹಲವರ ಬಂಧನವಾಯಿತು. ಬಂಧಿತರಲ್ಲಿ ಪ್ರಾಧಿಕಾರದ ಹೊರಗುತ್ತಿಗೆ ನೌಕರನೊಬ್ಬನೂ ಇದ್ದ. ಬೇರೆ ಕಡೆ ಸೇರುವ, ಸೀಟಿನಲ್ಲಿ ಆಸಕ್ತಿಯಿಲ್ಲದ ಅಭ್ಯರ್ಥಿಗಳ ಲಾಗಿನ್ ಮತ್ತು ಪಾಸ್‌ವರ್ಡ್ ಪಡೆದು, ಬೇಡಿಕೆಯ ಕಾಲೇಜುಗಳ ಸೀಟುಗಳನ್ನು ಅವರ ಹೆಸರಿನಲ್ಲಿ ಹಿಡಿದಿಟ್ಟು ಕೊನೆಗೆ ಖಾಲಿ ಬಿಡಿಸುವುದು ಆರೋಪಿತ ತಂತ್ರ. ಅಂಕ ಪಡೆದೂ ಆ ಸೀಟು ಸಿಗದ ಹುಡುಗಿ ಕುಮಟಾದವಳೂ ಇರಬಹುದು, ಕಲಬುರಗಿಯವಳೂ ಇರಬಹುದು. ಅವಳಿಗೆ ತನ್ನ ಸೀಟು ಎಲ್ಲಿ ಹೋಯಿತೆಂದು ಗೊತ್ತಾಗುವುದೇ ಇಲ್ಲ. ಪಾಸ್‌ವರ್ಡ್ ತನಗೆ ಬೇಡವಾದ ಮೇಲೆ ಯಾರ ಕೈಯಲ್ಲಿದ್ದರೇನು ಎಂಬುದಕ್ಕೆ ಇದು ಉತ್ತರ.

ಇಂಥ ಕಡೆ ನೆರವಿಗೆ ಬರುವುದು ಓಟಿಪಿ. ಪಾಸ್‌ವರ್ಡ್ ನಿಮಗೆ ಗೊತ್ತಿರುವುದರ ಗುರುತು; ಓಟಿಪಿ ನಿಮ್ಮ ಬಳಿ ಇರುವ ಸಿಮ್‌ನ ಗುರುತು. ಒಂದು ಕದ್ದರೂ ಇನ್ನೊಂದು ಉಳಿಯಲಿ ಎಂಬುದೇ ಇದರ ತತ್ವ. ಅರ್ಜಿಯಲ್ಲಿ ಸೈಬರ್ ಸೆಂಟರಿನವರ ಮೊಬೈಲ್ ಸಂಖ್ಯೆಯನ್ನೇ ಹಾಕಿಸಿದರೆ ಎರಡೂ ಗುರುತುಗಳು ಒಂದೇ ಕೈಗೆ ಹೋದವು. ಮನೆಯಲ್ಲಿ ಒಂದೇ ಫೋನಿದ್ದರೆ ಅಮ್ಮನ ಸಂಖ್ಯೆ ಇರಲಿ, ಅಂಗಡಿಯದು ಬೇಡ.

ಹೆಸರು ಕೊಡದೆ ಕೆಲಸ ಕೊಡುವುದು

ಈಗ ಭಟ್ಕಳದ ಆ ಮನೆಗೆ ಮರಳೋಣ. ಅಪ್ಪ ದುಬೈಯಲ್ಲಿ, ಖರ್ಚು ಇಲ್ಲಿ. ಅನಿವಾಸಿಗಳ ಎನ್‌ಆರ್‌ಇ ಖಾತೆಯನ್ನು ಊರಿನಲ್ಲಿರುವವರು ಅಧಿಕಾರಪತ್ರದ ಮೇಲೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಇಲ್ಲಿನ ಪಾವತಿಗಳಿಗೆ ಹಣ ತೆಗೆಯಬಹುದು. ಅಪ್ಪ ರಜೆಯಲ್ಲಿ ಬಂದಾಗ ಬ್ಯಾಂಕಿಗೆ ಹೋಗಿ ಕೇಳಬೇಕಾದ ಮಾತು ಇದು. ಆಗ ಅಮ್ಮ ತನ್ನ ಹೆಸರಿನಲ್ಲಿ, ತನ್ನ ಸಹಿಯಲ್ಲಿ ಹಣ ತೆಗೆಯುತ್ತಾಳೆ. ಅಥವಾ ಮನೆಖರ್ಚಿನಷ್ಟು ಹಣ ಪ್ರತಿ ತಿಂಗಳು ಅಮ್ಮನ ಖಾತೆಗೇ ಬರುವಂತೆ ಮಾಡಿದರೆ ಇನ್ನೂ ಸರಳ.

ಊರಿನಲ್ಲೇ ಇರುವವರಿಗೆ 2024ರ ಆಗಸ್ಟಿನಲ್ಲಿ ಯುಪಿಐ ಸರ್ಕಲ್ ಎಂಬ ಸೌಲಭ್ಯ ಬಂತು. ಖಾತೆದಾರರು ತಮ್ಮ ಪಿನ್ ಹೇಳದೆ ಮನೆಯ ಇನ್ನೊಬ್ಬರಿಗೆ ಪಾವತಿಯ ಅಧಿಕಾರ ಕೊಡಬಹುದು. ಪ್ರತಿ ಸಲ ಖಾತೆದಾರರೇ ಒಪ್ಪಿಗೆ ಒತ್ತುವುದು ಒಂದು ಬಗೆ. ತಿಂಗಳಿಗೆ ಇಷ್ಟು ಎಂದು ಮಿತಿ ಹಾಕಿ ಬಿಡುವುದು ಇನ್ನೊಂದು ಬಗೆ. ಆರಂಭದಲ್ಲಿ ಆ ಮಿತಿ ಹೆಚ್ಚೆಂದರೆ ತಿಂಗಳಿಗೆ 15,000 ರೂಪಾಯಿ ಎಂದಿತ್ತು. ಸೆಲ್ಫ್ ಚೆಕ್ಕಿನ ಗುಣಗಳೆಲ್ಲ ಇದರಲ್ಲಿವೆ: ಮೊತ್ತ, ಮಿತಿ, ಯಾರು ಕೊಟ್ಟರೆಂಬ ದಾಖಲೆ, ಬೇಡವಾದಾಗ ಹಿಂತೆಗೆಯುವ ಅವಕಾಶ.

ಕಾಲೇಜಿನ ಪ್ರಾಜೆಕ್ಟ್ ಕೆಲಸದಲ್ಲೂ ಇದೇ ರೀತಿ. ನಾಲ್ವರು ಸೇರಿ ವರದಿ ಬರೆಯಲು ಒಬ್ಬನ ಗೂಗಲ್ ಪಾಸ್‌ವರ್ಡನ್ನು ನಾಲ್ವರೂ ಬಳಸುವುದನ್ನು ನೋಡಿದ್ದೇನೆ. ಆ ಕಡತವೊಂದನ್ನೇ ಹಂಚಿಕೊಳ್ಳುವ ಗುಂಡಿ ಅಲ್ಲೇ ಮೇಲೆ ಇರುತ್ತದೆ. ಕಡತಕ್ಕಾಗಿ ಈಮೇಲ್, ಫೋಟೋ, ಎಲ್ಲವನ್ನೂ ಒಪ್ಪಿಸಬೇಕಾಗಿಲ್ಲ.

ಗೆಳೆತನದ ವಿಷಯ ಇದಕ್ಕಿಂತ ಕಷ್ಟದ್ದು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂಬ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಕೊಡಲಾಗುವುದಿಲ್ಲ. ಒಂದು ಮಾತು ಮಾತ್ರ ಯೋಚಿಸಿ. ನಿಮ್ಮ ಖಾತೆಯಲ್ಲಿ ನಿಮ್ಮದಷ್ಟೇ ಇಲ್ಲ. ಬೇರೆಯವರು ನಿಮ್ಮೊಬ್ಬರಿಗೇ ಎಂದು ಬರೆದ ಮಾತುಗಳೂ ಇವೆ. ತಂಗಿ ಬರೆದದ್ದು, ಇನ್ನೊಬ್ಬ ಸ್ನೇಹಿತೆ ಅಳುತ್ತಾ ಹೇಳಿಕೊಂಡದ್ದು. ಅದನ್ನು ಹಂಚುವ ಹಕ್ಕು ನಿಮಗಿದೆಯೇ?

ಇನ್ನು ಕಾನೂನಿನ ಮಾತು. ಬೇರೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಅಪರಾಧ; ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರೂ ಸಲೀಸಾಗಿ ಪಾರಾಗುವುದಿಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕರೇ ತಮ್ಮ ಗುಟ್ಟಿನ ವಿವರ ಕೊಟ್ಟು ಹಣ ಕಳೆದುಕೊಂಡರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಎಂದಿತ್ತು. ವಿದ್ಯಾರ್ಥಿಗಳು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಕೆಲವು ದಿನ ಕೊಡು, ಸಾವಿರಗಟ್ಟಲೆ ಕೊಡುತ್ತೇವೆ" ಎಂದು ಬರುವವರ ಬಗ್ಗೆ. ವಂಚನೆಯ ಹಣ ಸಾಗಿಸಲು ಇಂಥ ಬಾಡಿಗೆ ಖಾತೆಗಳು ಬೇಕು. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಮೊದಲು ಸಿಗುವುದು ಖಾತೆಯ ಮೇಲಿರುವ ಹೆಸರು, ಅಂದರೆ ನಿಮ್ಮದು.

ಈಗಾಗಲೇ ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಕುಳಿತುಕೊಳ್ಳಬೇಡಿ. ಮೊದಲು ಈಮೇಲಿನ ಪಾಸ್‌ವರ್ಡ್ ಬದಲಿಸಿ, ಅನಂತರ ಉಳಿದವು. "ಎಲ್ಲ ಸಾಧನಗಳಿಂದ ಹೊರಬನ್ನಿ" ಎಂಬ ಆಯ್ಕೆಯನ್ನು ಒತ್ತುವುದು ಮರೆಯಬೇಡಿ. ಪಾಸ್‌ವರ್ಡ್ ಬದಲಾದರೂ ಕೆಲವು ಕಡೆ ಹಳೆಯ ಯಂತ್ರದಲ್ಲಿ ಖಾತೆ ತೆರೆದೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಆದ ಸಾಧನಗಳ ಪಟ್ಟಿ ನೋಡಿ. ಕಾಲೇಜಿನ ಲ್ಯಾಬಿನ ಕಂಪ್ಯೂಟರ್ ಅಲ್ಲಿ ಇನ್ನೂ ಇದ್ದೀತು. ಹಣ ಹೋಗಿದ್ದರೆ ಬ್ಯಾಂಕಿಗೂ 1930ಕ್ಕೂ ಕೂಡಲೇ ಫೋನ್ ಮಾಡಿ. ಜಿಲ್ಲೆಯ ಸೈಬರ್ ಅಪರಾಧ ಠಾಣೆ ಇರುವುದು ಕಾರವಾರದಲ್ಲಿ, ಭಟ್ಕಳದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮರುದಿನ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ಫೋನಿನ ದೂರಿಗೆ ಆ ಖಾತೆಗಳನ್ನು ತಡೆಹಿಡಿಯುವ ಅವಕಾಶವಿದೆ.

ಸೈಬರ್ ಸೆಂಟರಿಗೆ ಹೋಗುವುದನ್ನು ಬಿಡಬೇಕಾಗಿಲ್ಲ. ಫಾರ್ಮು ತುಂಬುವುದರಲ್ಲಿ ಅವರಿಗಿರುವ ಅನುಭವ ನಮಗಿಲ್ಲ. ಅವರು "ಪಾಸ್‌ವರ್ಡ್ ಎಂತ ಇಡೂದು?" ಎಂದಾಗ "ಸ್ವಲ್ಪ ಕೀಬೋರ್ಡ್ ಕೊಡಿ ಅಣ್ಣಾ, ನಾನೇ ಹಾಕ್ತೆ" ಎಂದು ಎದ್ದು ಹೋಗಿ ಒತ್ತಿ. ಬ್ರೌಸರು "ಇದನ್ನು ಉಳಿಸಲೇ?" ಎಂದು ಕೇಳಿದರೆ ಬೇಡ ಎನ್ನಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆದದ್ದನ್ನು ಕಣ್ಣಾರೆ ನೋಡಿ, ಅರ್ಜಿ ಸಂಖ್ಯೆಯನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು, ಮಳೆ ನಿಂತಿದೆಯೇ ಎಂದು ನೋಡಿ ಹೊರಡಿ.